ಆಳಿಸಿಕೊಳ್ಳುವ ಮನಸ್ಸನ್ನು ಅಳೆಯುವುದು ಹೇಗೆ?

ಚುನಾವಣೆ ಹತ್ತಿರ ಬಂದಾಗಲೆಲ್ಲ ಕಾರವಾರದಿಂದ ಶಿರಸಿಯವರೆಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ: ಎದುರು ಪಕ್ಷದವರದು ಗುಲಾಮಿ ಮನಸ್ಸು, ಇದನ್ನು ಮನೋವಿಜ್ಞಾನಿಗಳೇ ಸಂಶೋಧನೆಯಿಂದ ಸಾಬೀತು ಮಾಡಿದ್ದಾರೆ. ಈ ಮಾತನ್ನು ಎರಡೂ ಕಡೆಯವರು ಹೇಳುತ್ತಾರೆ. ಜಾತಕ ನೋಡಿ ಮನುಷ್ಯನ ಗುಣ ನಿರ್ಧರಿಸುವುದನ್ನು ಕಟುವಾಗಿ ವಿರೋಧಿಸುವ ವಿದ್ಯಾವಂತರು ಕೂಡ, ಹತ್ತು ಪ್ರಶ್ನೆಗಳ ಅಂತರ್ಜಾಲ ಪರೀಕ್ಷೆಯೊಂದು ನೆರೆಮನೆಯವರಿಗೆ ಕೊಟ್ಟ ಅಂಕವನ್ನು ಮರುಮಾತಿಲ್ಲದೆ ನಂಬಿಬಿಡುತ್ತಾರೆ. ಇದು ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ. ಏಕೆಂದರೆ ಸರ್ವಾಧಿಕಾರಕ್ಕೆ ಒಲಿಯುವ ಮನೋಭಾವದ ಅಧ್ಯಯನ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿರುವ ಗಂಭೀರ ವಿಜ್ಞಾನ. ಆ ವಿಜ್ಞಾನದ ಅತ್ಯಂತ ರೋಚಕವಾದ ಭಾಗವೇ, ಅಳೆಯುವವರ ರಾಜಕೀಯ ಅವರ ಅರಿವಿಲ್ಲದೆ ಅಳತೆಯೊಳಗೆ ಹೇಗೆ ಸೇರಿಕೊಂಡಿತು ಎಂಬುದರ ಕಥೆ.

ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಥಿಯೊಡೋರ್ ಅಡಾರ್ನೊ, ನಾಜಿಗಳು ಆಸ್ಟ್ರಿಯವನ್ನು ನುಂಗಿದ ವರ್ಷವೇ ವಿಯೆನ್ನಾ ತೊರೆದ ಎಲ್ಸೆ ಫ್ರೆಂಕೆಲ್-ಬ್ರುನ್‌ಸ್ವಿಕ್, ಅವರೊಡನೆ ಡೇನಿಯಲ್ ಲೆವಿನ್ಸನ್ ಮತ್ತು ನೆವಿಟ್ ಸ್ಯಾನ್‌ಫರ್ಡ್, ಈ ನಾಲ್ವರು 1950ರಲ್ಲಿ ‘ದಿ ಅಥಾರಿಟೇರಿಯನ್ ಪರ್ಸನಾಲಿಟಿ’ ಎಂಬ ಸುಮಾರು ಸಾವಿರ ಪುಟಗಳ ಗ್ರಂಥವನ್ನು ಪ್ರಕಟಿಸಿದರು. ಸುಶಿಕ್ಷಿತ ಸಮಾಜವೊಂದು ಹತ್ಯಾಕಾಂಡಕ್ಕೆ ತಲೆಯಾಡಿಸಿದ್ದನ್ನು ಹತ್ತಿರದಿಂದ ಕಂಡವರು ಅದರ ಬೇರನ್ನು ಮನಸ್ಸಿನಲ್ಲಿ ಹುಡುಕಿದ್ದು ಸಹಜವೇ ಆಗಿತ್ತು. ಅವರು ರೂಪಿಸಿದ ಪ್ರಶ್ನಾವಳಿಯ ಹೆಸರು ಎಫ್ ಮಾಪಕ. ಎಫ್ ಎಂದರೆ ಫ್ಯಾಸಿಸಂ. ವಿಧೇಯತೆ ಮತ್ತು ಹಿರಿಯರ ಅಧಿಕಾರದ ಬಗೆಗಿನ ಗೌರವ ಮಕ್ಕಳು ಕಲಿಯಬೇಕಾದ ಅತಿ ಮುಖ್ಯ ಗುಣಗಳು ಎಂಬಂಥ ಹೇಳಿಕೆಗಳಿಗೆ ಉತ್ತರಿಸುವವರು ಎಷ್ಟರಮಟ್ಟಿಗೆ ಸಮ್ಮತಿಸುತ್ತಾರೆ ಎಂಬುದನ್ನು ಅದು ಎಣಿಸುತ್ತಿತ್ತು.

ಈ ಮಾಪಕದಲ್ಲಿ ಎದ್ದುಕಾಣುವ ಎರಡು ದೋಷಗಳಿದ್ದವು. ಮೊದಲನೆಯದನ್ನು ಬೇಗ ಹೇಳಿ ಮುಗಿಸಬಹುದು. ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿನವು: ‘ಹೌದು’ ಎಂದಷ್ಟೂ ಅಂಕ ಏರುತ್ತಿತ್ತು. ಪರಿಚಯವಿಲ್ಲದ ವಿದ್ಯಾವಂತರು ಕಾಗದ ಹಿಡಿದು ಬಂದು ಪ್ರಶ್ನೆ ಕೇಳಿದಾಗ ಸೌಜನ್ಯಕ್ಕೆಂದೇ ‘ಹೌದು’ ಎನ್ನುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಂಥವರೆಲ್ಲ ಫ್ಯಾಸಿಸ್ಟ್ ಮನಸ್ಸಿನವರೆಂದು ಲೆಕ್ಕಕ್ಕೆ ಬಂದರು. ಮಾಪಕದ ಹೊರಗೆ, ಸಂದರ್ಶನದ ಕ್ರಮದಲ್ಲಿದ್ದ ಇದಕ್ಕಿಂತ ದೊಡ್ಡ ಲೋಪವೊಂದನ್ನು 1954ರಲ್ಲಿ ಹರ್ಬರ್ಟ್ ಹೈಮನ್ ಮತ್ತು ಪಾಲ್ ಶೀಟ್ಸ್‌ಲಿ ಎತ್ತಿ ತೋರಿಸಿದರು. ಪ್ರಶ್ನಾವಳಿಯ ಬಳಿಕ ಆಳವಾದ ಸಂದರ್ಶನ ನಡೆಸಿದವರು, ತಮ್ಮ ಮುಂದೆ ಕುಳಿತವರ ಉತ್ತರಗಳನ್ನು ಮೊದಲೇ ಓದಿಕೊಂಡಿದ್ದರು. ಮುಂದೆ ಕುಳಿತವರು ಎಂಥವರೆಂದು ತೀರ್ಮಾನಿಸಿಕೊಂಡೇ ಮಾತಿಗೆ ಕುಳಿತರೆ, ಮಾತಿನ ತುಂಬ ಆ ತೀರ್ಮಾನಕ್ಕೆ ಪುರಾವೆಗಳೇ ಸಿಗುತ್ತವೆ.

ಮಾಪಕದ ಎರಡನೆಯ ದೋಷ ಆಳದ್ದು. ನನಗೆ ಬಹಳ ಆಸಕ್ತಿ ಇರುವುದೂ ಇದರಲ್ಲಿಯೇ. ‘ನಮ್ಮ ಧರ್ಮವನ್ನು ಹಾಳುಮಾಡುತ್ತಿರುವವರನ್ನು ಬಲಿಷ್ಠ ನಾಯಕ ಹತ್ತಿಕ್ಕಬೇಕು’ ಎಂಬಂಥ ಹೇಳಿಕೆಯೊಂದನ್ನು ಪರಿಶೀಲಿಸೋಣ. ಇದರೊಳಗೆ ಎರಡು ಪ್ರಶ್ನೆಗಳಿವೆ. ವಿರೋಧಿಗಳನ್ನು ಬಲದಿಂದ ಅಡಗಿಸುವುದು ಸರಿಯೇ ಎಂಬುದು ಒಂದು. ವಿರೋಧಿಗಳೆಂದರೆ ಧರ್ಮಕ್ಕೆ ಎದುರಾದವರೇ ಎಂಬುದು ಇನ್ನೊಂದು. ಹತ್ತಿಕ್ಕುವುದನ್ನು ಮನಸಾರೆ ಒಪ್ಪುವ ನಾಸ್ತಿಕ ಕ್ರಾಂತಿಕಾರಿಯೊಬ್ಬ ಇದನ್ನು ಓದಿ ‘ಇಲ್ಲ’ ಎನ್ನುತ್ತಾನೆ. ಹತ್ತಿಕ್ಕಬೇಕಾದವರ ಪಟ್ಟಿ ಅವನದು ಬೇರೆ. ಮಾಪಕ ಅವನನ್ನು ಉದಾರವಾದಿ ಎಂದು ಬರೆದುಕೊಳ್ಳುತ್ತದೆ. ಹೆಸರು ಬದಲಾದರೆ ಉತ್ತರವೂ ಬದಲಾಗುವುದಾದರೆ ಆ ಹೇಳಿಕೆ ಅಳೆಯುತ್ತಿರುವುದು ಮನೋಭಾವವನ್ನಲ್ಲ, ಪಕ್ಷವನ್ನು. ಮುಂದೆ ಅದೇ ಸಂಶೋಧಕರು ಅದೇ ಮಾಪಕವನ್ನು ಹಿಡಿದು ‘ಧಾರ್ಮಿಕರಲ್ಲಿ ಸರ್ವಾಧಿಕಾರಿ ಮನೋಭಾವ ಹೆಚ್ಚೇ?’ ಎಂದು ಹುಡುಕಹೊರಟರೆ, ಹೌದು ಎಂಬ ಉತ್ತರದ ಒಂದು ಪಾಲು ಹೇಳಿಕೆಯನ್ನು ಬರೆದ ದಿನವೇ ಅದರೊಳಗೆ ಸೇರಿಬಿಟ್ಟಿರುತ್ತದೆ. ಧರ್ಮದ ಕುರಿತ ಪ್ರಶ್ನೆಯಿಂದ ಧರ್ಮನಿಷ್ಠೆಯನ್ನು ಅಳೆದು, ಅದು ಧರ್ಮನಿಷ್ಠೆಯೊಡನೆ ಹೊಂದಿಕೊಂಡಿತೆಂದು ಹೇಳಿದಂತಾಯಿತು. ಹಾಗೆಂದು ಆ ಸಂಬಂಧ ಪೂರ್ತಿ ಸುಳ್ಳೆಂದಲ್ಲ. ಅದರಲ್ಲಿ ನಿಜದ ಪಾಲೆಷ್ಟು, ಹೇಳಿಕೆಯ ಪಾಲೆಷ್ಟು ಎಂದು ಬೇರ್ಪಡಿಸಲು ಆ ಮಾಪಕದಿಂದ ಸಾಧ್ಯವಿಲ್ಲ.

ಸಮಾಜವಿಜ್ಞಾನಿ ಎಡ್ವರ್ಡ್ ಶಿಲ್ಸ್ 1954ರಲ್ಲಿಯೇ ಇದನ್ನು ಗುರುತಿಸಿದ್ದರು. ಪಕ್ಷದ ಆಜ್ಞೆಗೆ ಸಂಪೂರ್ಣ ಶರಣಾದ ಕಮ್ಯುನಿಸ್ಟನೂ ಎಫ್ ಮಾಪಕದಲ್ಲಿ ಪ್ರಜಾಪ್ರಭುತ್ವವಾದಿಯಂತೆ ಕಾಣಿಸಬಹುದೆಂಬುದು ಅವರ ಆಕ್ಷೇಪವಾಗಿತ್ತು. ಮಿಲ್ಟನ್ ರೋಕೀಚ್ 1960ರಲ್ಲಿ ನಂಬಿಕೆ ಯಾವುದೆಂದು ಕೇಳದೆ, ಅದನ್ನು ಎಷ್ಟು ಮುಚ್ಚಿದ ಮನಸ್ಸಿನಿಂದ ಹಿಡಿದುಕೊಂಡಿದ್ದಾರೆಂದು ಅಳೆಯುವ ಪ್ರಯತ್ನ ಮಾಡಿದರು. ಅವರು ಪರೀಕ್ಷಿಸಿದ ಇಂಗ್ಲೆಂಡಿನ ಕಮ್ಯುನಿಸ್ಟ್ ವಿದ್ಯಾರ್ಥಿಗಳ ಸಣ್ಣ ಗುಂಪು ಎಫ್ ಮಾಪಕದಲ್ಲಿ ಕೆಳಗೂ, ಈ ಹೊಸ ಮಾಪಕದಲ್ಲಿ ಮೇಲೂ ಇತ್ತು. ಆದರೂ ಹಲವು ದಶಕಗಳ ಕಾಲ ಸಂಶೋಧನೆಯ ಮುಖ್ಯ ಪ್ರವಾಹ ಬಲಪಂಥದತ್ತಲೇ ಹರಿಯಿತು.

ಆ ಪ್ರವಾಹದ ದೊಡ್ಡ ಹೆಸರು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಬಾಬ್ ಆಲ್ಟೆಮೆಯರ್. 1981ರಲ್ಲಿ ಅವರು ಮಂಡಿಸಿದ ಮಾಪಕದಲ್ಲಿ ಅರ್ಧದಷ್ಟು ಹೇಳಿಕೆಗಳು ವಿರುದ್ಧ ದಿಕ್ಕಿನವಾಗಿದ್ದುದರಿಂದ ‘ಹೌದು’ ಎನ್ನುವ ಚಾಳಿಯ ತೊಂದರೆ ನೀಗಿತು. ಅಧಿಕಾರಕ್ಕೆ ಶರಣಾಗುವುದು, ಅಧಿಕಾರಸ್ಥರು ಬೊಟ್ಟುಮಾಡಿದವರ ಮೇಲೆ ಆಕ್ರಮಣಕ್ಕೆ ಸಿದ್ಧವಾಗುವುದು, ರೂಢಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದು, ಈ ಮೂರೂ ಒಬ್ಬರಲ್ಲಿಯೇ ಒಟ್ಟಿಗೆ ಕಂಡುಬರುತ್ತವೆಂದು ಅವರು ಶ್ರಮವಹಿಸಿ ತೋರಿಸಿದರು. ಇದನ್ನು ಗೌರವದಿಂದಲೇ ಒಪ್ಪಬೇಕು. ಆದರೆ ಎರಡನೆಯ ದೋಷ ಉಳಿದೇಹೋಯಿತು. ಅವರ ಹೇಳಿಕೆಗಳಲ್ಲಿ ಚರ್ಚಿಗೆ ಹೋಗುವವರು, ನಾಸ್ತಿಕರು, ವಿವಾಹಪೂರ್ವ ಸಂಬಂಧಗಳು, ಬೆತ್ತಲೆ ಶಿಬಿರಗಳು ಎಲ್ಲವೂ ಬರುತ್ತವೆ. ಎಡಪಂಥದ ಸರ್ವಾಧಿಕಾರಿ ಮನೋಭಾವವನ್ನು ತಾವು ಹುಡುಕಿದರೂ ಸಿಗಲಿಲ್ಲವೆಂದೂ, ಅದು ಸ್ಕಾಟ್ಲೆಂಡಿನ ಸರೋವರದಲ್ಲಿದೆಯೆಂದು ಜನ ಹೇಳುವ ಪ್ರಾಣಿಯಂತೆಯೇ ಸರಿ ಎಂದೂ ಅವರು 1996ರಲ್ಲಿ ಬರೆದರು. ಅಷ್ಟರಲ್ಲಾಗಲೇ ರಷ್ಯದಿಂದ ಬೇರೆಯದೇ ಸುದ್ದಿ ಬಂದಿತ್ತು. ಸ್ಯಾಮ್ ಮೆಕ್‌ಫಾರ್ಲೆಂಡ್ ಮತ್ತು ಅವರ ರಷ್ಯನ್ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿ ಈ ಮನೋಭಾವ ಬಲವಾಗಿದ್ದವರೇ ಕಮ್ಯುನಿಸ್ಟ್ ವ್ಯವಸ್ಥೆಯ ಸಮಾನತೆಯ ತತ್ತ್ವದ ಪರವಾಗಿದ್ದರು. ಅಮೆರಿಕದಲ್ಲಿ ಸಮಾನತೆಯನ್ನು ವಿರೋಧಿಸುವ ಅದೇ ಒಲವು ಮಾಸ್ಕೋದಲ್ಲಿ ಸಮಾನತೆಯನ್ನು ಎತ್ತಿಹಿಡಿಯಿತು. ಎರಡೂ ಕಡೆ ಅದು ಅಂಟಿಕೊಂಡಿದ್ದು ಅಲ್ಲಿ ಸ್ಥಾಪಿತವಾಗಿದ್ದ ರೂಢಿಗೆ.

ಇಷ್ಟು ಸ್ಪಷ್ಟವಾದ ಸಂಗತಿ ತಜ್ಞರ ಕಣ್ಣಿಗೆ ಬೇಗ ಬೀಳದಿದ್ದುದೇಕೆ? ಸಾಮಾಜಿಕ ಮನೋವಿಜ್ಞಾನಿಗಳ 2011ರ ಅಮೆರಿಕನ್ ಸಮಾವೇಶದಲ್ಲಿ ಜೊನಾಥನ್ ಹೈಟ್ ಸುಮಾರು ಸಾವಿರ ಜನರ ಸಭೆಯನ್ನುದ್ದೇಶಿಸಿ, ಸಂಪ್ರದಾಯವಾದಿಗಳು ಯಾರಿದ್ದೀರಿ ಎಂದು ಕೇಳಿದಾಗ ಎದ್ದದ್ದು ಮೂರು ಕೈಗಳು. ಒಂದೇ ಒಲವಿನವರು ತುಂಬಿರುವ ಕೋಣೆಯಲ್ಲಿ ಯಾರೂ ದುರುದ್ದೇಶದಿಂದ ತಪ್ಪು ಮಾಡಬೇಕಾಗಿಲ್ಲ. ನಿರೀಕ್ಷಿಸಿದ ಫಲಿತಾಂಶ ಬಂದಾಗ ಅದನ್ನು ಮರಳಿ ಪರೀಕ್ಷಿಸುವವರು ಇಲ್ಲದಿದ್ದರೆ ಸಾಕು. 2012ರಲ್ಲಿ ಅಮೆರಿಕದ ಪ್ರತಿಷ್ಠಿತ ರಾಜ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧ, ಒರಟುತನ ಮತ್ತು ನಿರ್ದಯತೆಗಳೊಡನೆ ಗುರುತಿಸಲಾಗುವ ಒಂದು ವ್ಯಕ್ತಿತ್ವ ಗುಣ ಸಂಪ್ರದಾಯವಾದಿಗಳಲ್ಲಿ ಹೆಚ್ಚೆಂದು ವರದಿ ಮಾಡಿತು. ದತ್ತಾಂಶದ ಸಂಕೇತಗಳು ತಲೆಕೆಳಗಾಗಿದ್ದವೆಂದೂ, ನಿಜವಾಗಿ ಆ ಗುಣ ಉದಾರವಾದಿಗಳಲ್ಲಿ ಹೆಚ್ಚಿತ್ತೆಂದೂ ತಿದ್ದುಪಡಿ ಬಂದಿದ್ದು 2016ರಲ್ಲಿ. ವ್ಯಕ್ತಿತ್ವವು ರಾಜಕೀಯ ನಿಲುವಿಗೆ ಕಾರಣವಲ್ಲವೆಂಬ ತಮ್ಮ ಮುಖ್ಯ ತೀರ್ಮಾನ ಇದರಿಂದ ಅಲುಗುವುದಿಲ್ಲವೆಂದು ಲೇಖಕರು ಹೇಳಿದರು, ಅದು ನ್ಯಾಯವೇ. ಆದರೂ ತಲೆಕೆಳಗಾದ ಅಂಕಿಗಳು ನಾಲ್ಕು ವರ್ಷ ಉಳಿದುಕೊಂಡವು.

ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ ಅವರ ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ. ತೆರೆದ ಮನಸ್ಸಿನ ಚಿಂತನೆಯನ್ನು ಅಳೆಯಲು ಅವರೂ ಅವರ ಸಹೋದ್ಯೋಗಿಗಳೂ 1990ರ ದಶಕದಿಂದ ಬಳಸಿದ ಪ್ರಶ್ನಾವಳಿಯಲ್ಲಿ, ಪುರಾವೆ ಸಿಕ್ಕಾಗ ನಂಬಿಕೆಯನ್ನು ಬದಲಿಸಿಕೊಳ್ಳಬೇಕು ಎಂಬ ಅರ್ಥದ ಹೇಳಿಕೆಗಳಿದ್ದವು. ಧಾರ್ಮಿಕರು ಇದರಲ್ಲಿ ವಿಪರೀತ ಕಡಿಮೆ ಅಂಕ ಪಡೆಯುತ್ತಿದ್ದರು. ದೇವರನ್ನು ನಂಬುವವರು ‘ನಂಬಿಕೆ’ ಎಂದು ಓದಿದಾಗ ದೇವರ ಮೇಲಿನ ನಂಬಿಕೆಯನ್ನೂ, ಇತರರು ಹವಾಮಾನದ ಬಗೆಗಿನಂಥ ಸಾಮಾನ್ಯ ಅಭಿಪ್ರಾಯವನ್ನೂ ಮನಸ್ಸಿಗೆ ತಂದುಕೊಳ್ಳುತ್ತಿದ್ದರೆಂಬುದು ತಂಡಕ್ಕೆ ಹೊಳೆದದ್ದು ಎರಡು ದಶಕಗಳ ಮೇಲೆ. ‘ಅಭಿಪ್ರಾಯ’ ಎಂದು ತಿದ್ದಿದಾಗ ಆ ಸಂಬಂಧ ಗಣನೀಯವಾಗಿ ತಗ್ಗಿತು. ಅವರು 2019ರಲ್ಲಿ ಇದನ್ನು ಬಹಿರಂಗವಾಗಿ ಪ್ರಕಟಿಸಿದರು.

ಈಗ ಇಂಥ ಪ್ರಶ್ನಾವಳಿಯೊಂದನ್ನು ಯಾರಾದರೂ ಕನ್ನಡಕ್ಕೆ ತಂದು ನಮ್ಮ ಜಿಲ್ಲೆಯಲ್ಲಿ ಹಂಚಿದರೆ ಏನಾದೀತು ಎಂದು ಯೋಚಿಸಬೇಕು. ಅಮೆರಿಕದ ಚುನಾವಣಾ ಅಧ್ಯಯನಗಳಲ್ಲಿ 1992ರಿಂದ ಬಳಕೆಯಲ್ಲಿರುವ ನಾಲ್ಕು ಪ್ರಶ್ನೆಗಳು ರಾಜಕೀಯದ ಮಾತನ್ನೇ ಎತ್ತುವುದಿಲ್ಲ. ಮಕ್ಕಳಲ್ಲಿ ಸ್ವತಂತ್ರ ಬುದ್ಧಿ ಮುಖ್ಯವೋ ಹಿರಿಯರಲ್ಲಿ ಗೌರವ ಮುಖ್ಯವೋ, ಕುತೂಹಲವೋ ಒಳ್ಳೆಯ ನಡತೆಯೋ, ಇಂಥ ಆಯ್ಕೆಗಳನ್ನು ಮುಂದಿಡುತ್ತವೆ. ಪಕ್ಷದ ಹೆಸರಿಲ್ಲದ ಕಾರಣ ಇದು ಜಾಣ ಉಪಾಯವೆನಿಸಿತ್ತು. ಆದರೆ ಅಲ್ಲಿನ ಕರಿಯರು ಮತ್ತು ಬಿಳಿಯರು ಈ ಪ್ರಶ್ನೆಗಳನ್ನು ಒಂದೇ ರೀತಿಯಲ್ಲಿ ಗ್ರಹಿಸುವುದಿಲ್ಲವೆಂದು ಎಫ್ರೆನ್ ಪೆರೆಜ್ ಮತ್ತು ಮಾರ್ಕ್ ಹೆದರಿಂಗ್ಟನ್ 2014ರಲ್ಲಿ ತೋರಿಸಿದರು. ಒಂದೇ ದೇಶದಲ್ಲಿ ಹೀಗಾದರೆ, ಊರಿಗೆ ಹೊರಡುವ ಮಗ ಹಿರಿಯರ ಕಾಲಿಗೆ ನಮಸ್ಕರಿಸುವುದು ಮಾತಿಲ್ಲದೆ ನಡೆಯುವ ಶಿರಸಿ ಸೀಮೆಯ ತೋಟದ ಮನೆಗಳಲ್ಲಿಯೂ, ಯಜಮಾನರ ಮಾತಿಗೆ ಎದುರಾಡದ ಹಾಲಕ್ಕಿ ಕೊಪ್ಪಗಳಲ್ಲಿಯೂ ‘ಹಿರಿಯರಲ್ಲಿ ಗೌರವ’ವನ್ನು ಆರಿಸದವರು ಎಷ್ಟು ಜನ ಸಿಕ್ಕಾರು? ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅಳತೆ ಯಾರನ್ನೂ ಯಾರಿಂದಲೂ ಬೇರ್ಪಡಿಸಲಾರದು.

ಇನ್ನೊಂದು ಕಾರಣಕ್ಕೂ ಈ ಅಳತೆ ನಮ್ಮಲ್ಲಿ ಎಡವುತ್ತದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಆಮೇಲೆ ಅಂಕೋಲೆ, ಸಿದ್ದಾಪುರಗಳ ರೈತರು ಭೂಕಂದಾಯ ಕೊಡಲು ನಿರಾಕರಿಸಿ ಜಮೀನು ಕಳೆದುಕೊಂಡರು, ಜೈಲು ಸೇರಿದರು. ಮನೆಯೊಳಗೆ ಹಿರಿಯರಿಗೆ ತಲೆಬಾಗುತ್ತಿದ್ದ, ವ್ರತ-ಕಟ್ಟಳೆಗಳನ್ನು ಬಿಡದ ಕುಟುಂಬಗಳು ಅಂದಿನ ಮುಂಬಯಿ ಪ್ರಾಂತದ ಬ್ರಿಟಿಷ್ ಸರ್ಕಾರಕ್ಕೆ ತಲೆಬಾಗಲಿಲ್ಲ. ಇವರನ್ನು ವಿಧೇಯರೆನ್ನಬೇಕೆ, ಬಂಡಾಯಗಾರರೆನ್ನಬೇಕೆ? ಆಲ್ಟೆಮೆಯರ್ ತಮ್ಮ ವ್ಯಾಖ್ಯೆಯಲ್ಲಿ ಎಚ್ಚರದಿಂದ ಒಂದು ಷರತ್ತನ್ನು ಸೇರಿಸಿದ್ದರು: ಶರಣಾಗತಿ ನಡೆಯುವುದು ತಾನು ನ್ಯಾಯಬದ್ಧವೆಂದು ಕಾಣುವ ಅಧಿಕಾರಕ್ಕೆ. ಆ ರೈತರ ಕಣ್ಣಿನಲ್ಲಿ ನ್ಯಾಯಬದ್ಧ ಅಧಿಕಾರ ಕಲೆಕ್ಟರರದಾಗಿರಲಿಲ್ಲ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಅರಣ್ಯ ಇಲಾಖೆಯ ಮರಕಡಿತವನ್ನು ಮರಗಳನ್ನಪ್ಪಿ ತಡೆದಾಗಲೂ ಇದೇ ತೊಡಕು. ಹಳೆಯದನ್ನು ಉಳಿಸಲು ಅಧಿಕಾರವನ್ನು ಎದುರಿಸಿದವರನ್ನು ಅಮೆರಿಕದ ಮಾಪಕದ ಯಾವ ತುದಿಯಲ್ಲಿ ಇಡುವುದು?

ಎಡಗಡೆಯ ಹುಡುಕಾಟ ಈಚೆಗೆ ಚುರುಕಾಗಿದೆ. ಥಾಮಸ್ ಕಾಸ್ಟೆಲೊ ಮತ್ತು ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ಮಾಪಕ, ಮೇಲಿನವರನ್ನು ಶಿಕ್ಷಿಸುವ ಹಂಬಲ, ರೂಢಿಯ ತಿರಸ್ಕಾರ, ಎದುರಾಳಿಗಳ ಬಾಯಿ ಮುಚ್ಚಿಸಲು ಅಧಿಕಾರದ ಬಳಕೆ ಎಂಬ ಮೂರು ಎಳೆಗಳನ್ನು ಎಡಪಂಥೀಯರಲ್ಲಿ ಗುರುತಿಸಿತು. ಎರಡೂ ಬಗೆಯವರಲ್ಲಿ ಸಾಮ್ಯಗಳು ಹಲವಿದ್ದವು. ಭೇದಗಳೂ ಇದ್ದವು: ಎಡಗಡೆಯವರಲ್ಲಿ ಚಿಂತನೆಯ ಬಿಗಿತ ಕಡಿಮೆ, ನಕಾರಾತ್ಮಕ ಭಾವಗಳು ಹೆಚ್ಚು. ಈ ಕೆಲಸ ನನಗೆ ಬೆಲೆಯುಳ್ಳದ್ದೆನಿಸುತ್ತದೆ. ಆದರೆ ಬಲಗಡೆಯ ವಸ್ತು ತುಂಬಿದ ಮಾಪಕದ ಪಕ್ಕದಲ್ಲಿ ಎಡಗಡೆಯ ವಸ್ತು ತುಂಬಿದ ಇನ್ನೊಂದನ್ನು ಇಟ್ಟಮಾತ್ರಕ್ಕೆ ಎರಡನೆಯ ದೋಷ ತೀರುವುದಿಲ್ಲ.

ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಒಂದು ರಾತ್ರಿ ಕೃಷ್ಣನ ಅರ್ಥ ಹೇಳಿ ಇನ್ನೊಂದು ರಾತ್ರಿ ಕೌರವನ ಅರ್ಥ ಹೇಳುತ್ತಾರೆ. ಎದುರು ಪಾತ್ರದ ಬಲವಾದ ವಾದ ಯಾವುದೆಂದು ತಿಳಿಯದವರಿಗೆ ಆ ಕೂಟದಲ್ಲಿ ನಿಲ್ಲಲಾಗದು. ಸಂಶೋಧನೆಯಲ್ಲಿ ಇದಕ್ಕೆ ಸಮನಾದದ್ದು, ಭಿನ್ನ ನಿಲುವಿನ ಇಬ್ಬರು ವಿದ್ವಾಂಸರು ಒಟ್ಟಿಗೆ ಕುಳಿತು, ಯಾವ ಫಲಿತಾಂಶ ಬಂದರೆ ಯಾರು ಒಪ್ಪಬೇಕೆಂದು ಮೊದಲೇ ಬರೆದಿಟ್ಟು ಪ್ರಯೋಗ ನಡೆಸುವ ಕ್ರಮ. ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಇದನ್ನು ಬಹುಕಾಲ ಪ್ರತಿಪಾದಿಸಿದರು. ನಮ್ಮಲ್ಲಿಯೂ ಇಂಥ ಅಧ್ಯಯನ ಮಾಡಬಹುದು, ವಸ್ತುವೂ ಸಿದ್ಧವಾಗಿದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಬೇಕೆನ್ನುವವರೂ, ಕಾಡಿನ ಸಲುವಾಗಿ ಬೇಡವೆನ್ನುವವರೂ ಜಿಲ್ಲೆಯಲ್ಲಿದ್ದಾರೆ. ‘ರೈಲು ಬೇಕೆಂದು ರಸ್ತೆ ತಡೆಯುವವರನ್ನು ವಿಚಾರಣೆಯಿಲ್ಲದೆ ಬಂಧಿಸಿಡುವುದು ತಪ್ಪಲ್ಲ’ ಎಂಬ ಹೇಳಿಕೆಯನ್ನು ಅರ್ಧ ಜನರಿಗೂ, ‘ಬೇಕೆಂದು’ ಎಂಬಲ್ಲಿ ‘ಬೇಡವೆಂದು’ ಎಂದಷ್ಟೇ ಬದಲಿಸಿ ಉಳಿದರ್ಧಕ್ಕೂ ಕೊಡಬೇಕು. ಎರಡನ್ನೂ ಒಂದೇ ದಿನ ಒಬ್ಬರಿಗೇ ಕೇಳಿದರೆ ಹೊಂದಾಣಿಕೆ ಕಾಣಿಸಲೆಂದು ಎರಡಕ್ಕೂ ಒಂದೇ ಉತ್ತರ ಕೊಟ್ಟಾರು; ಆದ್ದರಿಂದ ಕೆಲವು ವಾರ ಬಿಟ್ಟು ಮತ್ತೆ ಹೋಗಿ ಹೇಳಿಕೆಗಳನ್ನು ಅದಲುಬದಲು ಮಾಡಿ ಕೇಳಬೇಕು. ತನ್ನ ಎದುರಾಳಿಗಳ ಬಂಧನಕ್ಕೆ ಮಾತ್ರ ಒಪ್ಪಿದವರಲ್ಲಿ ನಾವು ಕಂಡದ್ದು ಪಕ್ಷನಿಷ್ಠೆ. ತನ್ನ ಕಡೆಯವರನ್ನೂ ಹಾಗೆಯೇ ಬಂಧಿಸಿಡಬಹುದೆಂದವರಲ್ಲಿ ಮಾತ್ರ, ಎಫ್ ಮಾಪಕ ರೂಪಿಸಿದ ಆ ನಾಲ್ವರು ಹುಡುಕಿದ ಮನೋಭಾವ ಇದೆಯೆಂದು ಶಂಕಿಸಲು ಆಧಾರವಿರುತ್ತದೆ. ಎರಡನೆಯ ಸಲ ಮನೆಗೆ ಹೋಗುವವರು ಬೇರೆ ಊರಿನವರಾಗಿರಬೇಕು, ಮೊದಲ ಸಲದ ಉತ್ತರವನ್ನು ಅವರಿಗೆ ತೋರಿಸಿರಬಾರದು.