ಸಾನಿಯಾ ಮಿರ್ಜಾ: 27ನೇ ಸ್ಥಾನದಿಂದ 1ನೇ ಸ್ಥಾನದ ತನಕ

ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಹೆಸರೆತ್ತಿದರೆ ಈಗಲೂ ಒಂದು ಮಾತು ಕಿವಿಗೆ ಬೀಳುತ್ತದೆ: ಸಿಂಗಲ್ಸ್‌ನಲ್ಲಿ ಮೇಲೇರಲು ಆಗಲಿಲ್ಲ, ಅದಕ್ಕೇ ಡಬಲ್ಸ್ ಹಿಡಿದರು ಅಂತ. ಅವರ ಆಟವನ್ನು ವರ್ಷದಿಂದ ವರ್ಷಕ್ಕೆ ನೋಡುತ್ತ ಬಂದವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಸಿಂಗಲ್ಸ್‌ನಲ್ಲಿ ವಿಶ್ವದ 27ನೇ ಸ್ಥಾನ ಕೊಟ್ಟ ಹೊಡೆತವೇ, ಅಂದರೆ ಬಲಬದಿಯಿಂದ ಬೀಸುವ ಫೋರ್‌ಹ್ಯಾಂಡೇ, ಮುಂದೆ ಡಬಲ್ಸ್‌ನ ಮೊದಲ ಸ್ಥಾನವನ್ನೂ ಕೊಟ್ಟಿತು. ನಡುವೆ ಸೋತದ್ದು ಬಲಗೈಯ ಮಣಿಕಟ್ಟು.

ಸಾನಿಯಾಗಿಂತ ಮುಂಚಿನ ಸ್ಥಿತಿ ಹೇಗಿತ್ತೆಂದು ತಿಳಿಯಲು 1998ಕ್ಕೆ ಹೋಗಬೇಕು. ಆ ವರ್ಷ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಿರುಪಮಾ ವೈದ್ಯನಾಥನ್ ಮೊದಲ ಸುತ್ತು ಗೆದ್ದದ್ದೇ ದೊಡ್ಡ ಸುದ್ದಿ. ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳು) ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆಲ್ಲುವುದೇ ಭಾರತದ ಆಟಗಾರ್ತಿಯರಿಗೆ ಅಷ್ಟು ಅಪರೂಪವಾಗಿತ್ತು. 2003ರಲ್ಲಿ ರಷ್ಯಾದ ಅಲಿಸಾ ಕ್ಲೇಬನೋವಾ ಜತೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದ ಹೈದರಾಬಾದಿನ ಹುಡುಗಿ 2005ರ ಜನವರಿಯಲ್ಲಿ ವೈಲ್ಡ್‌ಕಾರ್ಡ್ (ಶ್ರೇಯಾಂಕ ಸಾಲದಿದ್ದರೂ ಸಂಘಟಕರು ಕೊಡುವ ನೇರ ಪ್ರವೇಶ) ಪಡೆದು ಆಸ್ಟ್ರೇಲಿಯನ್ ಓಪನ್ ಆಡಲು ಮೆಲ್ಬರ್ನ್‌ಗೆ ಹೋದಳು. ಎರಡು ಸುತ್ತು ದಾಟಿ ಮೂರನೆಯದರಲ್ಲಿ ಸೆರೆನಾ ವಿಲಿಯಮ್ಸ್‌ಗೆ 1–6, 4–6ರಲ್ಲಿ ಸೋತಳು. ಆಗ ವಯಸ್ಸು ಹದಿನೆಂಟು.

ಮುಂದಿನ ತಿಂಗಳು ಹೈದರಾಬಾದ್ ಓಪನ್. ಫೈನಲ್‌ನಲ್ಲಿ ಅಲಿಯೋನಾ ಬೊಂಡರೆಂಕೊ ವಿರುದ್ಧ 6–4, 5–7, 6–3. ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು. ಅಲ್ಲಿಂದ ದುಬೈಗೆ ಹೋಗಿ, ಹಿಂದಿನ ವರ್ಷದ ಅಮೆರಿಕನ್ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆಟ್ಸೋವಾರನ್ನು 6–4, 6–2ರಲ್ಲಿ ಮಣಿಸಿದರು. ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್ ನಾಲ್ಕನೇ ಸುತ್ತು. ಅಲ್ಲಿ ಮರಿಯಾ ಶರಪೋವಾ ತಡೆದರು. ಡಬ್ಲ್ಯುಟಿಎ ಆ ವರ್ಷದ ಹೊಸ ಆಟಗಾರ್ತಿ ಪ್ರಶಸ್ತಿಯನ್ನು ಸಾನಿಯಾಗೆ ಕೊಟ್ಟಿತು.

2006ರಲ್ಲಿ ಶ್ರೇಯಾಂಕ ಇಳಿಯಿತು. ಇದನ್ನು ಆಟ ಕೆಟ್ಟಿತು ಎಂದಷ್ಟೇ ಬರೆದವರು ಲೆಕ್ಕವನ್ನು ಮರೆತರು. ಡಬ್ಲ್ಯುಟಿಎ ಶ್ರೇಯಾಂಕ 52 ವಾರಗಳದ್ದು. ಈ ವಾರ ಗಳಿಸಿದ ಅಂಕ ಮುಂದಿನ ವರ್ಷ ಇದೇ ಹೊತ್ತಿಗೆ ಉದುರುತ್ತದೆ. ಅದೇ ಟೂರ್ನಿಯಲ್ಲೋ ಬೇರೆಡೆಯೋ ಅಷ್ಟೇ ಅಂಕ ಮತ್ತೆ ಗಳಿಸದಿದ್ದರೆ ಒಟ್ಟು ಅಂಕ ಇಳಿಯುತ್ತದೆ. ಮೊದಲ ವರ್ಷ ಏರುವವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಎರಡನೇ ವರ್ಷ ಪ್ರತಿ ವಾರವೂ ಸಾಲ ತೀರಿಸಿದಂತೆ. ಜತೆಗೆ ಎದುರಾಳಿಗಳು ಅಷ್ಟರಲ್ಲಿ ಅವರ ಆಟವನ್ನು ಓದಿಕೊಂಡಿದ್ದರು. ಎರಡನೇ ಸರ್ವ್ (ಮೊದಲ ಸರ್ವ್ ತಪ್ಪಿದಾಗ ಸಿಗುವ ಇನ್ನೊಂದು ಅವಕಾಶ) ಮೃದು, ಪಕ್ಕಕ್ಕೆ ಓಡಿಸಿದರೆ ತಡ. ಆ ಸರ್ವ್ ಮೇಲೆ ಮುನ್ನುಗ್ಗಿ ಹೊಡೆದು, ಬ್ಯಾಕ್‌ಹ್ಯಾಂಡ್ ಹೊಡೆಯಬೇಕಾದ ಎಡ ಮೂಲೆಗೆ ಎಳೆದು, ಮರುಚೆಂಡನ್ನು ಖಾಲಿ ಬದಿಗೆ ಹಾಕುವುದು ಅವರ ವಿರುದ್ಧ ಎಲ್ಲರ ಉಪಾಯವಾಯಿತು.

ಆದರೂ 2007ರ ಬೇಸಿಗೆಯಲ್ಲಿ ಅಮೆರಿಕದ ಹಾರ್ಡ್ ಕೋರ್ಟ್‌ಗಳ ಮೇಲೆ ಅವರ ಸಿಂಗಲ್ಸ್ ಆಟ ಅತ್ಯುತ್ತಮ ಮಟ್ಟ ಮುಟ್ಟಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಸಿಂಗಲ್ಸ್ ಫೈನಲ್ ತಲುಪಿದ ವಾರವೇ ಶಹಾರ್ ಪೀರ್ ಜತೆ ಡಬಲ್ಸ್ ಪ್ರಶಸ್ತಿ ಗೆದ್ದರು. ಆಗಸ್ಟ್ 27ರಂದು 27ನೇ ಸ್ಥಾನ. ಸಿಂಗಲ್ಸ್‌ನಲ್ಲಿ ಭಾರತದ ಯಾವ ಆಟಗಾರ್ತಿಯೂ ಅದಕ್ಕಿಂತ ಮೇಲೆ ಹೋಗಿಲ್ಲ.

ಆ ಫೋರ್‌ಹ್ಯಾಂಡ್ ಕೆಲಸ ಮಾಡುತ್ತಿದ್ದ ಬಗೆ ಹೀಗೆ. ಬಹಳಷ್ಟು ಆಟಗಾರ್ತಿಯರು ಸೊಂಟ ಮತ್ತು ಭುಜ ತಿರುಗಿಸಿ ಬಲ ತುಂಬುತ್ತಾರೆ. ಸಾನಿಯಾ ಅದರ ಮೇಲೆ, ಚೆಂಡು ತಂತಿಗೆ ತಾಗುವ ಕೊನೆಯ ಕ್ಷಣದಲ್ಲಿ ಮಣಿಕಟ್ಟನ್ನು ಚಾಟಿಯ ಹಾಗೆ ಬೀಸುತ್ತಿದ್ದರು. ದಿಕ್ಕು ಕೊನೆಯ ಗಳಿಗೆವರೆಗೂ ಎದುರಾಳಿಗೆ ತಿಳಿಯುತ್ತಿರಲಿಲ್ಲ, ಕಡಿಮೆ ಜಾಗದಲ್ಲೂ ವೇಗ ಬರುತ್ತಿತ್ತು. ತೊಂದರೆಯೂ ಅಲ್ಲೇ ಇತ್ತು: ಚೆಂಡಿನ ಹೊಡೆತವನ್ನು ದೊಡ್ಡ ಸ್ನಾಯುಗಳ ಬದಲು ಸಣ್ಣ ಕೀಲು ತಾಳಿಕೊಳ್ಳಬೇಕು. 2008ರಲ್ಲಿ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಯಿತು. ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ನೋವಿನಿಂದ ಪಂದ್ಯ ಬಿಟ್ಟು ಹೊರನಡೆದರು. ಒಟ್ಟು ಮೂರು ಶಸ್ತ್ರಚಿಕಿತ್ಸೆ ಕಂಡ ದೇಹಕ್ಕೆ ಎರಡೂ ವಿಭಾಗ ಹೊರೆಯಾದಾಗ, 2013ರಲ್ಲಿ ಸಿಂಗಲ್ಸ್ ಕೈಬಿಟ್ಟರು.

ಡಬಲ್ಸ್ ಯಾಕೆ ಒಗ್ಗಿತು ಎಂಬುದಕ್ಕೆ ಕೋರ್ಟ್ ಅಳತೆಯಲ್ಲೇ ಉತ್ತರವಿದೆ. ಸಿಂಗಲ್ಸ್ ಕೋರ್ಟ್ 27 ಅಡಿ ಅಗಲ, ಅಷ್ಟನ್ನೂ ಒಬ್ಬರೇ ಕಾಯಬೇಕು. ಡಬಲ್ಸ್ ಕೋರ್ಟ್ 36 ಅಡಿ. ಇಬ್ಬರಿಗೆ ಹಂಚಿದರೆ ತಲಾ 18 ಅಡಿ. ಸಿಂಗಲ್ಸ್‌ನಲ್ಲಿ ಎರಡು ಗೇಮಿಗೊಮ್ಮೆ ಸರ್ವ್ ಬರುತ್ತದೆ, ಡಬಲ್ಸ್‌ನಲ್ಲಿ ನಾಲ್ಕು ಗೇಮಿಗೊಮ್ಮೆ. ಸರ್ವ್ ಮಾಡುವಾಗಲೂ ನೆಟ್ ಬಳಿ ಜತೆಗಾರ್ತಿ ಇರುತ್ತಾರೆ, ದುರ್ಬಲ ಎರಡನೇ ಸರ್ವ್‌ಗೆ ಅಷ್ಟು ಕಾವಲು. ಅಂದರೆ ಓಟ, ಸರ್ವ್ ಎಂಬ ಎರಡು ಕೊರತೆಗಳ ಭಾರ ಕಡಿಮೆಯಾಗಿ, ಎದುರಾಳಿಯ ಸರ್ವ್ ಅನ್ನು ಮರಳಿಸುವ ಫೋರ್‌ಹ್ಯಾಂಡ್ ರಿಟರ್ನ್‌ನ ಬೆಲೆ ಹೆಚ್ಚಾಗುತ್ತದೆ. ಇದನ್ನು ಕೈಲಾಗದವರ ಆಶ್ರಯ ಎನ್ನುವುದು ಅನ್ಯಾಯ. ನೆಟ್ ಮುಂದೆ ವಾಲಿಗೆ (ನೆಲಕ್ಕೆ ಬೀಳುವ ಮುಂಚೆಯೇ ಚೆಂಡು ಹೊಡೆಯಲು) ಕಾದು ನಿಂತ ಆಟಗಾರ್ತಿಯನ್ನು ತಪ್ಪಿಸಿ ಓರೆಯಾಗಿ, ಕೆಳಮಟ್ಟದಲ್ಲಿ ರಿಟರ್ನ್ ಕಳಿಸುವುದು ಪ್ರತ್ಯೇಕ ವಿದ್ಯೆ.

ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್ ಜತೆಗಿನ ಹೊಂದಾಣಿಕೆ ಇಲ್ಲೇ ಕುದುರಿತು. ಸಾನಿಯಾ ಬಲಬದಿಯಲ್ಲಿ, ಹಿಂಗಿಸ್ ಎಡಬದಿಯಲ್ಲಿ. ಬಲಗೈ ಆಟಗಾರ್ತಿಗೆ ಬಲಬದಿಯ ಹೊರಅಂಚಿಗೆ ಬರುವ ಸರ್ವ್ ಫೋರ್‌ಹ್ಯಾಂಡ್‌ಗೇ ಸಿಗುತ್ತದೆ. ಎಡಬದಿಯ ಹೊರಅಂಚಿನದು ಬ್ಯಾಕ್‌ಹ್ಯಾಂಡ್‌ಗೆ. ಒಬ್ಬರ ಫೋರ್‌ಹ್ಯಾಂಡ್, ಇನ್ನೊಬ್ಬರ ಬ್ಯಾಕ್‌ಹ್ಯಾಂಡ್ ಎರಡೂ ಅಂಚು ಕಾದವು. ಸಾನಿಯಾ ಹಿಂದಿನಿಂದ ಹೊಡೆದು ಎದುರಾಳಿಯಿಂದ ಸೊರಗಿದ ಚೆಂಡು ಎಬ್ಬಿಸುವುದು, ಹಿಂಗಿಸ್ ಮುಂದೆ ಬಂದು ಅದನ್ನು ಮುಗಿಸುವುದು.

2015ರ ಮಾರ್ಚ್‌ನಲ್ಲಿ ಜೋಡಿಯಾದವರು ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರನ್ನೂ ಸಾಲಾಗಿ ಗೆದ್ದರು. ಡಬಲ್ಸ್ ಶ್ರೇಯಾಂಕ ಜೋಡಿಗಲ್ಲ, ಆಟಗಾರ್ತಿಗೆ. ಹಾಗಾಗಿ ಹಿಂದಿನ ವರ್ಷ ಕಾರಾ ಬ್ಲ್ಯಾಕ್ ಜತೆ ಗೆದ್ದ ಡಬ್ಲ್ಯುಟಿಎ ಫೈನಲ್ಸ್ ಅಂಕವೂ ಸಾನಿಯಾ ಖಾತೆಯಲ್ಲಿತ್ತು. ಮೊದಲ ಸ್ಥಾನಕ್ಕೆ ಚಾರ್ಲ್ಸ್‌ಟನ್ ಪ್ರಶಸ್ತಿ ಬೇಕಿತ್ತು. ಫೈನಲ್ 6–0, 6–4ರಲ್ಲಿ ಮುಗಿಯಿತು. ಏಪ್ರಿಲ್ 13ರಂದು ಅವರು ಡಬಲ್ಸ್‌ನಲ್ಲಿ ವಿಶ್ವದ ಮೊದಲಿಗಳಾದರು. ಒಟ್ಟು 91 ವಾರ ಆ ಜಾಗದಲ್ಲಿದ್ದರು.

ಆ ವರ್ಷದ ವಿಂಬಲ್ಡನ್ ಫೈನಲ್ ಮರೆಯುವಂಥದ್ದಲ್ಲ. ಎದುರಿಗೆ ರಷ್ಯಾದ ಮಕರೋವಾ–ವೆಸ್ನಿನಾ ಜೋಡಿ. ಮೊದಲ ಸೆಟ್ 5–7, ಎರಡನೆಯದು ಟೈಬ್ರೇಕ್‌ನಲ್ಲಿ ಕೈಗೆ, ಮೂರನೆಯದರಲ್ಲಿ 2–5ರ ಹಿನ್ನಡೆ. ಇನ್ನೊಂದು ಗೇಮ್ ಹೋದರೆ ಮುಗಿಯಿತು ಎಂಬಲ್ಲಿಂದ 5–5ಕ್ಕೆ ಬಂದರು. ಕತ್ತಲಾಗುತ್ತಿದ್ದುದರಿಂದ ಸೆಂಟರ್ ಕೋರ್ಟ್ ಚಾವಣಿ ಮುಚ್ಚಲು ಆಟ ನಿಂತಿತು. ಮತ್ತೆ ಶುರುವಾದ ಮೇಲೆ 7–5. ಆಮೇಲೆ ಅದೇ ವರ್ಷದ ಅಮೆರಿಕನ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಸತತ 41 ಪಂದ್ಯ ಗೆದ್ದ ಓಟ ದೋಹಾದಲ್ಲಿ ನಿಂತಿತು.

ಗ್ರ್ಯಾನ್‌ಸ್ಲಾಮ್ ಒಟ್ಟು ಆರು. ಮಹಿಳೆಯರ ಡಬಲ್ಸ್‌ನಲ್ಲಿ ಮೇಲಿನ ಮೂರು. ಮಿಶ್ರ ಡಬಲ್ಸ್‌ನಲ್ಲಿ ಮಹೇಶ್ ಭೂಪತಿ ಜತೆ 2009ರ ಆಸ್ಟ್ರೇಲಿಯನ್ ಮತ್ತು 2012ರ ಫ್ರೆಂಚ್ ಓಪನ್, ಬ್ರೆಜಿಲ್‌ನ ಬ್ರೂನೋ ಸೋರೆಸ್ ಜತೆ 2014ರ ಅಮೆರಿಕನ್ ಓಪನ್. ಮಿಶ್ರ ಡಬಲ್ಸ್‌ಗೆ ಶ್ರೇಯಾಂಕದ ಅಂಕವಿಲ್ಲ. 91 ವಾರಗಳ ಲೆಕ್ಕದಲ್ಲಿ ಈ ಮೂರು ಪ್ರಶಸ್ತಿಗಳ ಪಾಲು ಸೊನ್ನೆ. ಫ್ರೆಂಚ್ ಓಪನ್ ಮಹಿಳೆಯರ ಡಬಲ್ಸ್ ಒಂದು ಕೈಗೆ ಸಿಗಲಿಲ್ಲ, 2011ರಲ್ಲಿ ವೆಸ್ನಿನಾ ಜತೆ ಫೈನಲ್‌ನಲ್ಲಿ ಸೋತರು. ಒಲಿಂಪಿಕ್ ಪದಕವೂ ತಪ್ಪಿತು: 2016ರ ರಿಯೋದಲ್ಲಿ ಕೊಡಗಿನ ರೋಹನ್ ಬೋಪಣ್ಣ ಜತೆ ನಾಲ್ಕನೇ ಸ್ಥಾನ. ಈ ಸೋಲು ಹೆಚ್ಚು ನೋಯಿಸುತ್ತದೆ, ಏಕೆಂದರೆ ಸೆಮಿಫೈನಲ್‌ನಲ್ಲಿ ವೀನಸ್ ವಿಲಿಯಮ್ಸ್–ರಾಜೀವ್ ರಾಮ್ ವಿರುದ್ಧ ಮೊದಲ ಸೆಟ್ 6–2ರಲ್ಲಿ ಗೆದ್ದಿದ್ದರು. 2018ರಲ್ಲಿ ತಾಯಿಯಾದ ಮೇಲೆ 2020ರ ಜನವರಿಯಲ್ಲಿ ಮರಳಿ, ಹೋಬಾರ್ಟ್‌ನಲ್ಲಿ ನಾಡಿಯಾ ಕಿಚೆನೊಕ್ ಜತೆ ಮೊದಲ ಟೂರ್ನಿಯನ್ನೇ ಗೆದ್ದರು. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬೋಪಣ್ಣ ಜತೆಗೇ ಮಿಶ್ರ ಡಬಲ್ಸ್ ಫೈನಲ್ ಆಡಿ, ಫೆಬ್ರುವರಿಯಲ್ಲಿ ದುಬೈನಲ್ಲಿ ಕೊನೆಯ ಪಂದ್ಯ ಆಡಿದರು.

ಸಾನಿಯಾ ನಂತರ ಯಾಕೆ ಇನ್ನೊಬ್ಬರು ಬರಲಿಲ್ಲ ಎಂದು ಕೇಳುವವರು ಹೈದರಾಬಾದ್ ಓಪನ್ ಏನಾಯಿತು ಎಂದೂ ಕೇಳಬೇಕು. ಆ ಟೂರ್ನಿ 2006ರಲ್ಲಿ ಬೆಂಗಳೂರಿಗೆ ಬಂತು. ಮೊದಲ ವರ್ಷವೇ ಸಾನಿಯಾ ಇಲ್ಲಿ ಲೀಜೆಲ್ ಹ್ಯೂಬರ್ ಜತೆ ಡಬಲ್ಸ್ ಗೆದ್ದರು, 2008ರಲ್ಲಿ ಸೆರೆನಾ ಸಿಂಗಲ್ಸ್ ಗೆದ್ದರು, ಅಲ್ಲಿಗೆ ನಿಂತಿತು. ಮತ್ತೆ ಆ ಮಟ್ಟದ ಮಹಿಳಾ ಟೂರ್ನಿ ದೇಶಕ್ಕೆ ಬಂದದ್ದು 2022ರಲ್ಲಿ, ಚೆನ್ನೈಗೆ. ಮನೆಯಂಗಳದ ಟೂರ್ನಿ ಎಂದರೆ ಊರಿನ ಆಟಗಾರ್ತಿಯರಿಗೆ ವೈಲ್ಡ್‌ಕಾರ್ಡ್, ವಿದೇಶ ಪ್ರವಾಸದ ಖರ್ಚಿಲ್ಲದೆ ದೊಡ್ಡವರ ಎದುರು ಪಂದ್ಯ, ಒಂದೆರಡು ಸುತ್ತು ಗೆದ್ದರೂ ಸಣ್ಣ ಟೂರ್ನಿಗಳಲ್ಲಿ ತಿಂಗಳುಗಟ್ಟಲೆ ಆಡಿ ಕೂಡಿಸಬೇಕಾದಷ್ಟು ಅಂಕ. ಹದಿನೆಂಟರ ಸಾನಿಯಾಗೆ ತನ್ನೂರಲ್ಲೇ ಆ ಅವಕಾಶ ಇತ್ತು. ಆಮೇಲಿನ ಹುಡುಗಿಯರಿಗೆ ಸುಮಾರು ಹದಿನಾಲ್ಕು ವರ್ಷ ಅದು ಇರಲಿಲ್ಲ.