ಹೆಗಲು ಸರಿಯಿಲ್ಲದ ಅಂಗಿಗೆ ನನ್ನ ಹತ್ತಿರ ಔಷಧಿ ಇಲ್ಲ

ಆನ್‌ಲೈನಿನಲ್ಲಿ ತರಿಸಿದ ಅಂಗಿ ಹಿಡಿದು ನಮ್ಮ ಅಂಗಡಿ ಮೆಟ್ಟಿಲು ಹತ್ತುವ ಹುಡುಗರದೆಲ್ಲ ಒಂದೇ ಮಾತು: “ಕಾಕಾ, ಜರಾ ಲೂಸ್ ಅದ. ಬಾಜೂ ಒತ್ತಿ ಹೊಲ್ದು ಕೊಡ್ರಿ.” ಹಾಕ್ಕೋ ನೋಡೋಣ ಅನ್ನುತ್ತೇನೆ. ಭುಜದ ಹೊಲಿಗೆ ತೋಳಿನ ಮೇಲೆ ಎರಡು ಬೆರಳು ಇಳಿದು ಕೂತಿರುತ್ತದೆ. ಬಾಜೂ, ಅಂದರೆ ಪಕ್ಕದ ಹೊಲಿಗೆ, ಒತ್ತಿದರೆ ಏನೂ ಆಗಲ್ಲಪ್ಪ, ವಾಪಸ್ ಕಳಿಸು ಅಂದರೆ ನಂಬುವುದಿಲ್ಲ. ಮಾಸ್ತರಿಗೆ ವಯಸ್ಸಾಯ್ತು, ಕೆಲಸ ಬ್ಯಾಸರ ಅಂದುಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಒತ್ತಿ ಕೊಡುತ್ತಾರೆ. ಹದಿನೈದು ದಿನಕ್ಕೆ ಅದೇ ಅಂಗಿ ಬಗಲಲ್ಲಿ ಹರಿದುಕೊಂಡು ನನ್ನ ಕೌಂಟರಿಗೆ ಬರುತ್ತದೆ.

ಕಲಬುರಗಿಯಿಂದ ಬೆಂಗಳೂರು, ಹೈದರಾಬಾದಿಗೆ ಕೆಲಸಕ್ಕೆ ಹೋಗುವ ಹುಡುಗರಿಗೆ ಕಂಪನಿಯವರು ‘ಬಿಸಿನೆಸ್ ಕ್ಯಾಶುಯಲ್’ ಅಂತ ಬರೆದು ಕಳಿಸುತ್ತಾರೆ. ಕೋಟು-ಟೈ ಬೇಡ, ಜೀನ್ಸು-ಟೀ ಶರ್ಟೂ ಬೇಡ, ನಡುವಿನದು ಹಾಕಿಕೊಂಡು ಬಾ ಅಂತ. ಯಾವ ಬಣ್ಣದ ಅಂಗಿಗೆ ಯಾವ ಪ್ಯಾಂಟು ಅನ್ನುವುದನ್ನು ಈ ಹುಡುಗರು ಫೋನ್ ನೋಡಿ ನನಗಿಂತ ಚೆನ್ನಾಗಿ ಕಲಿತಿದ್ದಾರೆ. ಅದರ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಟೈ ಕಟ್ಟದೆ, ಕೋಟು ಮುಚ್ಚದೆ ಬರೀ ಅಂಗಿಯಲ್ಲಿ ನಿಂತ ಮನುಷ್ಯನಿಗೆ ಅಳತೆಯ ತಪ್ಪು ಮುಚ್ಚಿಡಲು ಜಾಗವೇ ಇರುವುದಿಲ್ಲ. ನನ್ನ ತಕರಾರು ಅಷ್ಟಕ್ಕೇ.

ಅಂಗಿ ಮೈಮೇಲೆ ನಿಲ್ಲುವುದು ಹೆಗಲಿನಿಂದ. ಗೂಟಕ್ಕೆ ಬಟ್ಟೆ ನೇತುಹಾಕಿದ ಹಾಗೆ, ಕೆಳಗಿನದೆಲ್ಲ ಅಲ್ಲಿಂದ ಇಳಿಯುತ್ತದೆ. ಕುತ್ತಿಗೆಯಿಂದ ಹೊರಟ ಭುಜ ತುದಿಯಲ್ಲಿ ತೋಳಿಗೆ ತಿರುಗುವ ಕಡೆ ಒಂದು ಎಲುಬು ಕೈಗೆ ಸಿಗುತ್ತದೆ, ಮುಟ್ಟಿ ನೋಡಿಕೊಳ್ಳಿ. ತೋಳಿನ ಜೋಡಣೆ ಆ ಎಲುಬಿನ ಮೇಲೆ ಬರಬೇಕು. ಒಂದು ಇಂಚು ಹೊರಗೆ ಜಾರಿತೋ, ಕಂಕುಳ ಕೆಳಗಿಳಿಯಿತು, ತೋಳು ಉದ್ದವಾಗಿ ಕಫ್ ಅಂಗೈಗೆ ಬಂತು, ಎದೆಯ ಎರಡೂ ಕಡೆ ಸುಕ್ಕು ಬಿತ್ತು. ನೀವು ‘ಲೂಸ್’ ಅನ್ನುವುದು ಈ ಸುಕ್ಕಿಗೆ. ಅದನ್ನು ತೆಗೆಯಲು ಬಾಜೂ ಒತ್ತಿಸುತ್ತೀರಿ. ಕಂಕುಳ ಮಾತ್ರ ಇಳಿದಲ್ಲೇ ಇರುತ್ತದೆ, ಈಗ ಕೈ ಎತ್ತಲು ಇದ್ದ ಸಡಿಲವೂ ಹೋಯಿತು. ಬೈಕಿನ ಹ್ಯಾಂಡಲ್ ಹಿಡಿದ ಕೂಡಲೇ ಇಡೀ ಅಂಗಿ ಮೇಲಕ್ಕೆ ಎಳೆಯುತ್ತದೆ, ಇನ್‌ಶರ್ಟ್ ಹೊರಗೆ ಬರುತ್ತದೆ, ಒಂದು ದಿನ ಬಗಲು ಬಿಚ್ಚಿಕೊಳ್ಳುತ್ತದೆ. ಅದಕ್ಕೇ ನಾನು ಟ್ರಯಲ್ ಕೊಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿಸುವುದಿಲ್ಲ. ಬೈಕ್ ಹೊಡೆಯುವ ಹಾಗೆ ಎರಡೂ ಕೈ ಮುಂದೆ ಮಾಡು ಅನ್ನುತ್ತೇನೆ. ಹುಡುಗರು ನಗುತ್ತಾರೆ.

ಹೆಗಲನ್ನೇ ಸಣ್ಣದು ಮಾಡ್ರಿ ಅನ್ನುವವರೂ ಇದ್ದಾರೆ. ಮಾಡಬಹುದು. ಎರಡೂ ತೋಳು ಬಿಚ್ಚಬೇಕು, ಕಂಕುಳ ಹೊಸದಾಗಿ ಕತ್ತರಿಸಬೇಕು, ತೋಳಿನ ತಲೆಯನ್ನು ಅದಕ್ಕೆ ಹೊಂದಿಸಬೇಕು. ಅರ್ಧ ಇಂಚಾದರೆ ಕೆಲವು ಅಂಗಿಯಲ್ಲಿ ಸಾಗುತ್ತದೆ, ಬಟ್ಟೆ ನೋಡದೆ ಮಾತು ಕೊಡಲಾರೆ. ಬ್ಲೇಜರ್ ಆದರೆ ಪ್ಯಾಡು, ಕ್ಯಾನ್ವಾಸು, ಅಸ್ತರ್ ಎಲ್ಲ ಬಿಚ್ಚಿ ಕೂರಿಸುವ ಕೆಲಸ. ಆ ಕೂಲಿಗೆ ನೀವೂ ಒಪ್ಪುವುದಿಲ್ಲ. ಬೇಕಂತಲೇ ಹೆಗಲು ಇಳಿಬಿಟ್ಟು ಹೊಲಿದ ಅಂಗಿಗಳೂ ಈಗ ಬರುತ್ತವೆ, ಅವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ದೊಡ್ಡ ಅಳತೆಯದ್ದೇ ತೆಗೆದುಕೊಳ್ಳುವ ಈ ಚಟ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ನಮ್ಮ ತಾಯಂದಿರ ಕಡೆ ಬೊಟ್ಟು ಮಾಡುತ್ತೇನೆ. “ಬೆಳೆಯೋ ಹುಡುಗ ಅದಾನ, ಮುಂದಿನ ವರ್ಷಕ್ಕೂ ಬರೋ ಹಂಗ ಹೊಲೀರಿ” ಅಂತ ಹೇಳಿ ಯೂನಿಫಾರಂ ಹೊಲಿಸಿದ್ದು ಅವರೇ, ಹೊಲಿದದ್ದು ನಾನೇ. ಆ ಹುಡುಗರಿಗೆ ಈಗ ಮೂವತ್ತು. ಇನ್ನೂ ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳುತ್ತಾರೆ.

ಒಮ್ಮೆ ಆಳಂದ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತ್ತು. ತಂದೆ ಕೈಚೀಲದಿಂದ ತಮ್ಮ ಮದುವೆಯ ಕೋಟು ತೆಗೆದು ಕೌಂಟರ್ ಮೇಲೆ ಹರವಿದರು. ನುಸಿಗುಳಿಗೆ ವಾಸನೆ ಗಮ್ಮಂತ ಬಂತು. ಬಟ್ಟೆ ಈಗಲೂ ಗಟ್ಟಿ, ಕಾಜಾ ಎಲ್ಲ ಕೈಯಲ್ಲಿ ಮಾಡಿದ್ದು. ನೋಡುತ್ತಾ ಕೂತರೆ ಹೊಟ್ಟೆಕಿಚ್ಚಾಗುವಂಥ ಕೆಲಸ. “ಇದನ್ನ ಇವನ ಅಳತಿಗಿ ಮಾಡಿಕೊಡ್ರಿ ಮಾಸ್ತರ್.” ಹುಡುಗನಿಗೆ ಹಾಕಿದೆ. ತೊಗರಿ ಚೀಲ ಹೊತ್ತ ಹೆಗಲಿಗೆ ಹೊಲಿದ ಕೋಟು, ಪುಸ್ತಕ ಹಿಡಿದ ಹುಡುಗನ ಮೇಲೆ ಹೇಗೆ ನಿಲ್ಲಬೇಕು? ಎರಡೂ ಕಡೆ ಪ್ಯಾಡು ಚಜ್ಜದ ಹಾಗೆ ಹೊರಗೆ ಚಾಚಿತ್ತು. ಆಗಲ್ರಿ ಅಣ್ಣಾರ, ಕತ್ತರಿ ಹಾಕಿದರೆ ನಿಮ್ಮ ಕೋಟೂ ಹೋಯಿತು, ಇವನಿಗೂ ಆಗಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೋಟು ಮಡಚಿದರು. “ಇರ್ಲಿ ತಗೀರಿ. ಅವಂದೂ ಹೆಗಲು ಬರ್ಲಿ” ಅಂದರು.

ಆ ಹುಡುಗನಿಗೆ ಎರಡು ಅಂಗಿ, ಒಂದು ಕಡು ನೀಲಿ, ಒಂದು ಖಾಕಿ ಪ್ಯಾಂಟು ಹೊಲಿದೆ. ತಿಂಗಳು ದಾಟಿಸಲು ಅಷ್ಟು ಸಾಕು. ಹತ್ತಿ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿದೆ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಗಿಡ್ಡವಾಗುತ್ತದೆ. ಲಿನನ್ ಕೊಳ್ಳುವವರು ಬಟ್ಟೆಯ ಅಂಚಿನ ಮೇಲಿನ ನೂಲಿನ ನಂಬರ್ ಕೇಳಿ, ಅದಕ್ಕೆ ‘ಲೀ’ (lea) ಅನ್ನುತ್ತಾರೆ: ಅಂಗಿಗೆ 60 ಲೀ, ಪ್ಯಾಂಟಿಗೆ 40 ಲೀ ಸರಿಹೋಗುತ್ತದೆ. ನಂಬರ್ ಹೆಚ್ಚಿದಷ್ಟು ನೂಲು ಸಣ್ಣದು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳು 42 ಡಿಗ್ರಿ ಕಂಡವರಿಗೆ ಪಾಲಿಯೆಸ್ಟರ್ ಬೇಡ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ಲೇಜರ್ ಬೇಕೇಬೇಕು ಅಂದರೆ ಬೆನ್ನಿಗೆ ಅರ್ಧ ಅಸ್ತರ್ ಹಾಕಿಸಿ. ಮದುವೆಯ ಸೂಟಿನ ಕೋಟನ್ನು ಮಾತ್ರ ಖಾಕಿ ಪ್ಯಾಂಟಿನ ಮೇಲೆ ಹಾಕಬೇಡಿ, ಅದರ ಹೊಳಪೇ ಪ್ಯಾಂಟು ಮನೆಯಲ್ಲಿ ಬಿಟ್ಟು ಬಂದಿದ್ದೀರಿ ಅಂತ ಹೇಳುತ್ತದೆ. ಕೆಳಗಿನ ಅಂಚು ದುಂಡಗಿದ್ದ ಅಂಗಿ ಒಳಗೆ ಸೇರಿಸಲಿಕ್ಕೆ, ನೇರವಾಗಿದ್ದದ್ದು ಹೊರಗೆ ಬಿಡಲಿಕ್ಕೆ.

ರೆಡಿಮೇಡ್ ತರಬೇಡಿ ಅಂತ ನಾನು ಹೇಳುತ್ತಿಲ್ಲ, ನನ್ನ ಮಗನೂ ಅದನ್ನೇ ತರಿಸುತ್ತಾನೆ. ನಿಮಗೆ ಅಳತೆ ಸರಿಯಿರುವ ಒಂದು ಹಳೆಯ ಅಂಗಿಯನ್ನು ಮಂಚದ ಮೇಲೆ ಹರವಿ ಬೆನ್ನ ಕಡೆ ಒಂದು ಹೆಗಲ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪು ಹಿಡಿಯಿರಿ, ಆ ಇಂಚನ್ನು ಸೈಜ್ ಪಟ್ಟಿಯ ಜೊತೆ ಹೋಲಿಸಿ. ಎದೆ, ಸೊಂಟ ಅರ್ಧ ಇಂಚು ಆಚೀಚೆ ಇದ್ದರೆ ನನ್ನ ಹತ್ತಿರ ತನ್ನಿ, ಮಾಡಿಕೊಡುತ್ತೇನೆ. ಹೆಗಲು ಇಳಿದಿದ್ದರೆ ಟ್ಯಾಗ್ ಕೀಳದೆ ತನ್ನಿ, ವಾಪಸ್ ಕಳಿಸಬಹುದೋ ನೋಡೋಣ. ಟ್ಯಾಗ್ ಕಿತ್ತು, ಒಗೆದು, ಇಸ್ತ್ರಿ ಮಾಡಿ ತಂದಿದ್ದರೆ ಚಹಾ ಕುಡಿದು ಹೋಗ್ರಿ.