ಬೇರೆ ಬೇರೆ ಅಂಗಡಿಯ ಎಕ್ಸೆಲ್ ಫೈಲ್ ಸೇರಿಸಿ ತಾನಾಗೇ ಅಪ್‌ಡೇಟ್ ಆಗೋ ಸೇಲ್ಸ್ ಡ್ಯಾಶ್‌ಬೋರ್ಡ್ ಮಾಡೋದು ಹೇಗೆ?

ಪ್ರಶ್ನೆ: ನಮ್ದು ಹಾರ್ಡ್‌ವೇರ್ ಅಂಗಡಿ, ದಾವಣಗೆರೆ, ಹರಿಹರ, ರಾಣೆಬೆನ್ನೂರು ಮೂರು ಕಡೆ ಇದೆ. ತಿಂಗಳ ಕೊನೆಗೆ ಮೂರೂ ಕಡೆಯಿಂದ ವಾಟ್ಸಾಪ್‌ನಲ್ಲಿ ಎಕ್ಸೆಲ್ ಫೈಲ್ ಬರುತ್ತೆ, ನಾನು ಕೂತ್ಕೊಂಡು ಒಂದರ ಕೆಳಗೊಂದು ಕಾಪಿ ಪೇಸ್ಟ್ ಮಾಡಿ ಚಾರ್ಟ್ ಮಾಡ್ತೀನಿ. ಇದನ್ನ ಆಟೋಮ್ಯಾಟಿಕ್ ಮಾಡೋಕಾಗುತ್ತಾ? ಪವರ್ ಬಿಐ ಕಲೀಲೇಬೇಕಾ?

ಆಗುತ್ತೆ, ಪವರ್ ಬಿಐ (ಡ್ಯಾಶ್‌ಬೋರ್ಡ್ ಮಾಡೋಕೇ ಇರೋ ಮೈಕ್ರೋಸಾಫ್ಟ್‌ನ ಬೇರೆ ಸಾಫ್ಟ್‌ವೇರ್) ಸದ್ಯಕ್ಕೆ ಬೇಡ. ನಿಮ್ಮ ಎಕ್ಸೆಲ್‌ನಲ್ಲೇ ಬೇರೆ ಬೇರೆ ಫೈಲ್‌ನ ಡೇಟಾ ಎಳ್ಕೊಂಡು ಸೇರಿಸೋ ಪವರ್ ಕ್ವೆರಿ ಅಂತ ಒಂದು ಟೂಲ್ ಇದೆ, 2016ರಿಂದ ಈಚೆಗಿನ ವರ್ಷನ್‌ಗಳಲ್ಲಿ ಅದು ಒಳಗೇ ಬರುತ್ತೆ, ಡೇಟಾ ಟ್ಯಾಬ್‌ನಲ್ಲಿ ಗೆಟ್ ಡೇಟಾ ಅಂತ ಕಾಣೋದು ಅದೇ. ಆದ್ರೆ ತುಂಬಾ ಜನ ಚಾರ್ಟು, ಬಣ್ಣ, ಬಟನ್ ಇಂದ ಶುರು ಮಾಡ್ತಾರೆ, ಅಲ್ಲೇ ಕೆಡೋದು. ಚಾರ್ಟ್ ಮಾಡೋದು ಸಣ್ಣ ಕೆಲ್ಸ, ಮೂರು ಅಂಗಡಿಯ ಡೇಟಾ ಪ್ರತಿ ತಿಂಗಳೂ ಒಂದೇ ಆಕಾರದಲ್ಲಿ ಬರೋ ಹಾಗೆ ನೋಡ್ಕೊಳ್ಳೋದೇ ದೊಡ್ಡ ಕೆಲ್ಸ, ಅದು ಸರಿಯಾದ್ರೆ ಮಿಕ್ಕಿದ್ದು ತಾನಾಗೇ ನಡೆಯುತ್ತೆ.

ಮೊದಲು ಒಂದು ಫೋಲ್ಡರ್ ಮಾಡಿ, ಅದರಲ್ಲಿ ಬ್ರಾಂಚ್ ಫೈಲ್ ಬಿಟ್ಟು ಬೇರೇನೂ ಇಡಬೇಡಿ, ಡ್ಯಾಶ್‌ಬೋರ್ಡ್ ಫೈಲ್ ಕೂಡ ಅಲ್ಲಿ ಬೇಡ. ಫೈಲ್ ಹೆಸರು ದಾವಣಗೆರೆ-2025-04 ಅನ್ನೋ ಥರ ಇರ್ಲಿ. ಆಮೇಲೆ ಹೊಸ ಎಕ್ಸೆಲ್ ತೆಗೆದು ಗೆಟ್ ಡೇಟಾ, ಫ್ರಮ್ ಫೈಲ್, ಫ್ರಮ್ ಫೋಲ್ಡರ್, ಆ ಫೋಲ್ಡರ್ ತೋರಿಸಿ ಕಂಬೈನ್ ಆಂಡ್ ಟ್ರಾನ್ಸ್‌ಫಾರ್ಮ್ ಒತ್ತಿ. ಒಳಗಿರೋ ಎಲ್ಲಾ ಫೈಲ್‌ನ ಸಾಲುಗಳೂ ಒಂದರ ಕೆಳಗೊಂದು ಬಂದು ಕೂರುತ್ತೆ, ಯಾವ ಸಾಲು ಯಾವ ಫೈಲ್‌ದು ಅಂತ ಸೋರ್ಸ್ ನೇಮ್ ಕಾಲಂನಲ್ಲಿ ಇರುತ್ತೆ, ಫೈಲ್ ಹೆಸರನ್ನ ಆ ಥರ ಇಡಿ ಅಂದಿದ್ದು ಇದಕ್ಕೇ, ಅದನ್ನೇ '-' ಇರೋ ಕಡೆ ಒಡೆದ್ರೆ ಬ್ರಾಂಚ್ ಹೆಸರು ಸಿಕ್ಕಿಬಿಡುತ್ತೆ. ಮುಂದಿನ ತಿಂಗಳು ಫೈಲ್ ಬಂದಾಗ ಅದೇ ಫೋಲ್ಡರ್‌ಗೆ ಹಾಕಿ ರಿಫ್ರೆಶ್ ಒತ್ತೋದು ಅಷ್ಟೇ.

ಈಗ ಇದು ಎಲ್ಲಿ ಕೈಕೊಡುತ್ತೆ ಅನ್ನೋದನ್ನ ಗಮನ ಇಟ್ಟು ಓದಿ. ಸೇರಿಸೋವಾಗ ಪವರ್ ಕ್ವೆರಿ ಒಂದು ಫೈಲನ್ನ ಸ್ಯಾಂಪಲ್ ಅಂತ ಇಟ್ಕೊಳ್ಳುತ್ತೆ, ನೀವು ಬದಲಾಯಿಸದಿದ್ರೆ ಮೊದಲನೇ ಫೈಲೇ ಸ್ಯಾಂಪಲ್. ಬೇರೆ ಫೈಲ್‌ನಲ್ಲಿ ಶೀಟ್ ಹೆಸರು ಬೇರೆ ಇದ್ರೆ ಎರರ್ ಕೊಟ್ಟು ನಿಲ್ಲುತ್ತೆ, ಅದು ಒಳ್ಳೇದೇ, ಕಣ್ಣಿಗೆ ಬೀಳುತ್ತೆ. ಕಾಲಂ ಹೆಸರು ಬೇರೆ ಇದ್ರೆ ಮಾತ್ರ ಸದ್ದೇ ಇಲ್ಲ. ದಾವಣಗೆರೆಯವರು 'ಅಮೌಂಟ್' ಅಂತ ಬರೆದಿದ್ದಾರೆ, ಹರಿಹರದ ಹುಡುಗ ಈ ತಿಂಗಳು 'ಬಿಲ್ ಅಮೌಂಟ್' ಅಂತ ಬರೆದ ಅನ್ಕೊಳ್ಳಿ, ಹರಿಹರದ ಸಾಲುಗಳೆಲ್ಲ ಬರುತ್ತೆ ಆದ್ರೆ ದುಡ್ಡಿನ ಕಾಲಂ ಖಾಲಿ, ಯಾವ ಎರರೂ ಇಲ್ಲ, ಟೋಟಲ್ ಮಾತ್ರ ಕಮ್ಮಿ, ನೀವು ಹರಿಹರದಲ್ಲಿ ವ್ಯಾಪಾರ ಬಿದ್ದೋಯ್ತು ಅಂತ ತಲೆ ಕೆಡಿಸ್ಕೊಂಡು ಕೂರ್ತೀರ. ಇಂಗ್ಲಿಷ್ ಹೆಡ್ಡಿಂಗ್ ಆದ್ರೆ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ ಸಾಕು, ಪವರ್ ಕ್ವೆರಿಗೆ ಅವೆರಡೂ ಬೇರೆ ಬೇರೆ. ಅದಕ್ಕೇ ಮೂರೂ ಅಂಗಡಿಗೆ ನೀವೇ ಒಂದು ಖಾಲಿ ಫಾರ್ಮ್ಯಾಟ್ ಮಾಡಿ ಕೊಡಿ, ಹೆಡ್ಡಿಂಗ್ ಸಾಲನ್ನ ಲಾಕ್ ಮಾಡಿ ಕೊಡಿ.

ಎರಡನೇದು ತಾರೀಖು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯ. ತಾರೀಖು ಟೆಕ್ಸ್ಟ್ ಆಗಿ ಬಂದು, ಕಂಪ್ಯೂಟರ್ ತಿಂಗಳು ಮೊದಲು ಬರೆಯೋ ಅಮೆರಿಕಾ ಸೆಟ್ಟಿಂಗ್‌ನಲ್ಲಿದ್ರೆ 13/04 ಅನ್ನೋದನ್ನ 13ನೇ ತಿಂಗಳು ಇಲ್ಲ ಅಂತ ಎರರ್ ಮಾಡುತ್ತೆ, ಆದ್ರೆ 05/04 ಅನ್ನೋದನ್ನ ಏಪ್ರಿಲ್ 5ರ ಬದಲು ಮೇ 4 ಅಂತ ಓದಿ ಸುಮ್ನಾಗುತ್ತೆ. ಅಂದ್ರೆ ತಿಂಗಳ ಮೊದಲ 12 ದಿನದ ಸೇಲ್ಸ್ ಹೆಚ್ಚುಕಮ್ಮಿ ಪೂರ್ತಿ ಬೇರೆ ಬೇರೆ ತಿಂಗಳಿಗೆ ಹಂಚಿಹೋಗುತ್ತೆ. ತಾರೀಖಿನ ಕಾಲಂ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಟೈಪ್‌ನಲ್ಲಿ ಯೂಸಿಂಗ್ ಲೊಕೇಲ್ ಆರಿಸಿ, ಡೇಟ್ ಮತ್ತು ಇಂಗ್ಲಿಷ್ ಇಂಡಿಯಾ ಕೊಡಿ. ಎಕ್ಸೆಲ್ ತಾನಾಗೇ ಹಾಕಿರೋ ಚೇಂಜ್ಡ್ ಟೈಪ್ ಸ್ಟೆಪ್ ಅದಕ್ಕೂ ಮುಂಚೆ ಇದ್ರೆ ಡಿಲೀಟ್ ಮಾಡಿ, ಇಲ್ಲಾಂದ್ರೆ ತಪ್ಪಾಗಿ ಓದಿದ್ದನ್ನೇ ನೀವು ಮತ್ತೆ ಓದಿಸಿದ ಹಾಗಾಗುತ್ತೆ.

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಎಕ್ಸ್‌ಪೋರ್ಟ್ ಮಾಡಿದ ಫೈಲ್ ಆದ್ರೆ ಮೇಲೆ ಅಂಗಡಿ ಹೆಸರು, ವಿಳಾಸ, ಕೆಳಗೆ ಗ್ರ್ಯಾಂಡ್ ಟೋಟಲ್ ಸಾಲು ಇರೋದು ಸಾಮಾನ್ಯ. ಆ ಟೋಟಲ್ ಸಾಲು ಒಳಗೆ ಬಂದ್ರೆ ನಿಮ್ಮ ಸೇಲ್ಸ್ ಸರಿಯಾಗಿ ಡಬಲ್. ಬಿಲ್ ನಂಬರ್ ಖಾಲಿ ಇರೋ ಸಾಲನ್ನೆಲ್ಲ ಫಿಲ್ಟರ್ ಮಾಡಿ ತೆಗೀರಿ. ಹಾಗೇ ಐಟಂ ಮಾಸ್ಟರ್ ಶೀಟನ್ನ, ಅಂದ್ರೆ ಐಟಂ ಕೋಡ್, ಕೆಟಗರಿ ಇರೋ ಪಟ್ಟಿಯನ್ನ, ಮರ್ಜ್ ಮಾಡಿ (ಕೋಡ್ ಹೊಂದಿಸಿ ಜೋಡಿಸಿ) ಕೆಟಗರಿ ತರೋದಾದ್ರೆ, ಅದರಲ್ಲಿ ಒಂದೇ ಕೋಡ್ ಎರಡು ಸಲ ಇದ್ರೆ ಆ ಐಟಂನ ಪ್ರತಿ ಬಿಲ್ಲೂ ಎರಡೆರಡು ಸಲ ಬರುತ್ತೆ, ಮೊದಲು ಡೂಪ್ಲಿಕೇಟ್ ತೆಗೆದುಬಿಡಿ.

ಇಷ್ಟಾದ್ಮೇಲೆ ಪಿವಟ್ ಟೇಬಲ್ (ಸಾಲುಗಳನ್ನ ಗುಂಪು ಮಾಡಿ ಮೊತ್ತ ತೋರಿಸೋ ಟೇಬಲ್), ಎರಡು ಚಾರ್ಟ್, ಬ್ರಾಂಚ್‌ಗೊಂದು ತಿಂಗಳಿಗೊಂದು ಸ್ಲೈಸರ್ (ಒತ್ತಿ ಫಿಲ್ಟರ್ ಮಾಡೋ ಬಟನ್‌ಗಳು) ಸಾಕು. ಚಾರ್ಟ್‌ಗಿಂತ ಮುಂಚೆ ನಾನು ಒಂದು ಸಣ್ಣ ಟೇಬಲ್ ಹಾಕಿಸ್ತೀನಿ, ಪ್ರತಿ ಬ್ರಾಂಚ್‌ನ ಕೊನೇ ಬಿಲ್ ತಾರೀಖು, ಬಿಲ್‌ಗಳ ಸಂಖ್ಯೆ, ಒಟ್ಟು ಮೊತ್ತ. ರಾಣೆಬೆನ್ನೂರಿನ ಕೊನೇ ಬಿಲ್ ಹೋದ ತಿಂಗಳದ್ದು ಅಂತ ಅಲ್ಲಿ ಕಂಡ್ರೆ ಸೇಲ್ಸ್ ಕಮ್ಮಿ ಆಗಿಲ್ಲ, ಫೈಲ್ ಬಂದಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ.

ಇನ್ನು 'ತಾನಾಗೇ' ಅಂದ್ರೆ ಎಷ್ಟು ತಾನಾಗೇ? ಕ್ವೆರೀಸ್ ಆಂಡ್ ಕನೆಕ್ಷನ್ಸ್‌ನಲ್ಲಿ ಕ್ವೆರಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ ಫೈಲ್ ತೆಗೆದಾಗ ರಿಫ್ರೆಶ್ ಅನ್ನೋದಕ್ಕೆ ಟಿಕ್ ಹಾಕಿ, ಇಷ್ಟಿಷ್ಟು ನಿಮಿಷಕ್ಕೊಂದು ಸಲ ಅಂತ ಕೂಡ ಕೊಡಬಹುದು. ಅಲ್ಲೇ ಎನೇಬಲ್ ಬ್ಯಾಕ್‌ಗ್ರೌಂಡ್ ರಿಫ್ರೆಶ್ ಅನ್ನೋ ಟಿಕ್ ತೆಗೀರಿ, ಯಾಕಂದ್ರೆ ಅದಿದ್ರೆ ಡೇಟಾ ಬಂದು ಸೇರೋ ಮುಂಚೆನೇ ಪಿವಟ್ ರಿಫ್ರೆಶ್ ಆಗಿ ಹಳೇ ಲೆಕ್ಕನೇ ತೋರಿಸುತ್ತೆ, ರಿಫ್ರೆಶ್ ಆಲ್ ಎರಡು ಸಲ ಒತ್ತಬೇಕು ಅಂತ ಎಷ್ಟೋ ಜನ ಹೇಳೋದು ಇದಕ್ಕೇ. ಫೈಲ್ ಮುಚ್ಚಿದ್ರೆ ಈ ರಿಫ್ರೆಶ್ ಯಾವ್ದೂ ನಡೆಯಲ್ಲ. ನೀವು ಫೋನಲ್ಲೇ, ಯಾವ ಫೈಲೂ ತೆಗೀದೆ, ದಿನಾ ಹೊಸ ಲೆಕ್ಕ ನೋಡ್ಬೇಕು ಅಂದಾಗ ಪವರ್ ಬಿಐ ಯೋಚನೆ ಮಾಡಿ, ಇದೇ ಪವರ್ ಕ್ವೆರಿ ಅಲ್ಲೂ ಇದೆ, ಕಲಿತಿದ್ದು ವೇಸ್ಟ್ ಆಗಲ್ಲ, ಪ್ರೊ ಲೈಸೆನ್ಸ್‌ನಲ್ಲಿ ದಿನಕ್ಕೆ 8 ಸಲ ಶೆಡ್ಯೂಲ್ ರಿಫ್ರೆಶ್ ಹಾಕಬಹುದು.

ಒಂದು ಶೀಟ್‌ನಲ್ಲಿ 10,48,576 ಸಾಲು ಹಿಡಿಯುತ್ತೆ, ನಿಮ್ಮ ಮೂರು ಅಂಗಡಿಗೆ ಬೇಕಾದಷ್ಟಾಯ್ತು. ಮುಂದೆ ಮೀರಿದ್ರೆ ಶೀಟ್‌ಗೆ ಲೋಡ್ ಮಾಡದೆ ಡೇಟಾ ಮಾಡೆಲ್‌ಗೆ (ಅದೇ ಫೈಲ್ ಒಳಗೆ, ಶೀಟ್‌ನ ಹೊರಗೆ ಡೇಟಾ ಇಡೋ ಜಾಗ) ಲೋಡ್ ಮಾಡಿ, ಪಿವಟ್ ಅಲ್ಲಿಂದ್ಲೇ ಓದುತ್ತೆ. ಕಂಪ್ಯೂಟರ್ ಬದಲಾಯಿಸಿದಾಗ ಕ್ವೆರಿ ಹಳೇ ಫೋಲ್ಡರ್‌ನ ಪೂರ್ತಿ ಪಾತ್ (ಫೋಲ್ಡರ್ ಎಲ್ಲಿದೆ ಅನ್ನೋ ವಿಳಾಸ) ಹುಡುಕಿ ಸಿಗ್ಲಿಲ್ಲ ಅಂತ ನಿಲ್ಲುತ್ತೆ, ಆಗ ಡೇಟಾ ಸೋರ್ಸ್ ಸೆಟ್ಟಿಂಗ್ಸ್‌ಗೆ ಹೋಗಿ ಚೇಂಜ್ ಸೋರ್ಸ್‌ನಲ್ಲಿ ಹೊಸ ಫೋಲ್ಡರ್ ತೋರಿಸಿದ್ರೆ ಆಯ್ತು.